ಹಳೇ ಫೋಟೋಗೆ ಕಟ್ಟು ಹಾಕಿಸುವ ಮುಂಚೆ: ಬೆಳಗಾವಿಯಲ್ಲಿ ಸಿಗುವ ಫ್ರೇಮ್, ಮೌಂಟ್, ಗಾಜಿನ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯಲ್ಲಿ ಫೋಟೋಗೆ ಕಟ್ಟು ಹಾಕಿಸಲು ಹೋದರೆ ಸುತ್ತ ಕೂಡಿಸುವ ಚೌಕಟ್ಟಿನ ಪಟ್ಟಿಗೆ ಜಾಸ್ತಿ ದುಡ್ಡು ಹಾಕಬೇಡಿ, ಒಳಗಿನ ಬೋರ್ಡಿಗೆ ಹಾಕಿ. ಅಂಗಡಿಗೆ ಕಾಲಿಟ್ಟ ಕೂಡಲೇ ಗೋಡೆ ತುಂಬ ನೇತು ಹಾಕಿದ ಪಟ್ಟಿ ತುಣುಕುಗಳೇ ಕಣ್ಣಿಗೆ ಬೀಳುತ್ತವೆ. ಬಂಗಾರದ ಬಣ್ಣ, ಕಪ್ಪು, ಸಾಗವಾನಿ, ಬಳ್ಳಿ ಕೆತ್ತಿದ್ದು. ಮಾತು ಅಲ್ಲಿಂದಲೇ ಶುರುವಾಗುತ್ತದೆ, ದರವೂ ಅದರ ಮೇಲೇ ನಿಂತಿರುತ್ತದೆ. ಆದರೆ ನಿಮ್ಮ ಫೋಟೋ ಮೊಮ್ಮಕ್ಕಳ ಕಾಲಕ್ಕೆ ಉಳಿಯುತ್ತದೋ, ನಾಲ್ಕಾರು ಮಳೆಗಾಲಕ್ಕೇ ಕಲೆ ಬಿದ್ದು ಹಾಳಾಗುತ್ತದೋ ಎಂಬುದು ಅದರ ಮುಂದೆ ಏನಿದೆ, ಹಿಂದೆ ಏನಿದೆ ಎಂಬುದರ ಮೇಲೆ ನಿಂತಿದೆ. ಪಟ್ಟಿ ನೋಡೋಕೆ ಅಷ್ಟೇ.

ನಾನು ಕಟ್ಟು ಹಾಕಿಸಿದ್ದು ನಮ್ಮ ಮನೆಯ ಹಳೇ ಫೋಟೋಗಳಿಗೆ. ಅಜ್ಜ-ಅಜ್ಜಿ ಸ್ಟುಡಿಯೋದಲ್ಲಿ ಚಿತ್ರ ಬಿಡಿಸಿದ ಪರದೆ ಮುಂದೆ ನಿಂತು ತೆಗೆಸಿಕೊಂಡದ್ದು, ಅಪ್ಪ ಗೋಕಾಕ ಫಾಲ್ಸಿನ ತೂಗುಸೇತುವೆ ಹತ್ತಿರ, ಬೆಳಗಾವಿ ಕೋಟೆಯ ಕಮಲ ಬಸದಿಯಲ್ಲಿ, ಸವದತ್ತಿ ಯಲ್ಲಮ್ಮನ ಜಾತ್ರೆಯಲ್ಲಿ ತೆಗೆದ ಕಪ್ಪು-ಬಿಳುಪು ಫೋಟೋಗಳು, ಎಂಬತ್ತರ ದಶಕದ ಮದುವೆಗಳ ಕಲರ್ ಫೋಟೋಗಳು. ಇವೆಲ್ಲದಕ್ಕಿಂತ ಮುಖ್ಯವಾದದ್ದು ಅವ್ವನ ತವರುಮನೆಯ ಫೋಟೋ. ಆ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿ ಹಿನ್ನೀರಿಗೆ ಹೋಯಿತು, ಮನೆಯವರು ನವನಗರಕ್ಕೆ ಬಂದರು. ಫೋಟೋದಲ್ಲಿ ಕಟ್ಟೆ ಮೇಲೆ ಅವ್ವನ ಅಪ್ಪ ಕೂತಿದ್ದಾರೆ, ಹಿಂದೆ ಕಟ್ಟಿಗೆಯ ದೊಡ್ಡ ಬಾಗಿಲು, ಬಾಗಿಲ ಸಂದಿಯಿಂದ ಒಬ್ಬ ಪುಟ್ಟ ಹುಡುಗಿ ಇಣುಕುತ್ತಿದ್ದಾಳೆ. ಆ ಹುಡುಗಿ ತಾನೇ ಎಂದು ಅವ್ವ ಹೇಳುತ್ತಾಳೆ, ತಾನೇ ಎಂದು ಚಿಕ್ಕವ್ವನೂ ಹೇಳುತ್ತಾಳೆ. ನೆಗೆಟಿವ್ ಇಲ್ಲ, ಇನ್ನೊಂದು ಪ್ರಿಂಟ್ ಇಲ್ಲ, ಹೋಗಿ ನೋಡೋಣ ಎಂದರೆ ಆ ಬಾಗಿಲೂ ಇಲ್ಲ. ಇಂಥ ಫೋಟೋವನ್ನು ಕವರಿನಲ್ಲಿಟ್ಟುಕೊಂಡು ಅಂಗಡಿ ಹತ್ತಿದಾಗ "ಯಾವ ಡಿಸೈನ್ ಬೇಕ್ರಿ?" ಎನ್ನುವ ಮೊದಲ ಪ್ರಶ್ನೆಗೆ ಉತ್ತರ ಕೊಡೋಕೆ ಮನಸ್ಸೇ ಬರುವುದಿಲ್ಲ.

ಯಾವ ಅಂಗಡಿಯ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ಖಡೇಬಜಾರ್ ಸುತ್ತಮುತ್ತ, ಶಹಾಪುರ, ಟಿಳಕವಾಡಿ ಕಡೆ ವಿಚಾರಿಸಿದ್ದೇನೆ. ನಾನು ನೋಡಿದ ಮಟ್ಟಿಗೆ ಸಾಮಾನು ಎಲ್ಲಾ ಕಡೆ ಹೆಚ್ಚೂ ಕಡಿಮೆ ಒಂದೇ. ಬೇರೆಯಾಗುವುದು ಕೆಲಸದವರ ಕೈ, ಮತ್ತು ನಾವು ಹೇಳಿದ್ದನ್ನು ಕೇಳುವ ಅವರ ತಾಳ್ಮೆ. ಅದಕ್ಕೇ ಒಂದೊಂದು ಸಾಮಾನು ಹೇಗಿದೆ, ಯಾವುದಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಬೇಡ ಅನ್ನಬೇಕು ಎಂದು ಬರೆಯುತ್ತೇನೆ. ಅದು ಗೊತ್ತಿದ್ದರೆ ನಿಮ್ಮ ಓಣಿಯ ಅಂಗಡಿಯಲ್ಲೇ ಒಳ್ಳೇ ಕೆಲಸ ಆಗುತ್ತದೆ.

ರೆಡಿಮೇಡ್ ಸೆಟ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಆನ್‌ಲೈನಲ್ಲಿ ಹಲವಾರು ಫ್ರೇಮುಗಳು ಒಂದೇ ಡಬ್ಬದಲ್ಲಿ ಬರುತ್ತವಲ್ಲ, ಅಂಥದ್ದೊಂದನ್ನು ನನ್ನ ತಮ್ಮ ತರಿಸಿದ್ದ, ಬಿಚ್ಚಿ ನೋಡಿದೆ. ಮುಂದೆ ಗಾಜಿನ ಬದಲು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಮೌಂಟ್ ಎಂದು ಹಾಕಿದ್ದು ಸ್ವಲ್ಪ ದಪ್ಪನೆಯ ಕಾಗದ, ಹಿಂದೆ ಎಂಡಿಎಫ್, ಅಂದರೆ ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ. ಮೊಬೈಲಿನಿಂದ ಪ್ರಿಂಟ್ ಹಾಕಿಸಿದ ಮಕ್ಕಳ ಫೋಟೋಗೆ ಪರವಾಗಿಲ್ಲ, ಹಾಳಾದರೆ ಇನ್ನೊಂದು ಪ್ರಿಂಟ್ ಹಾಕಿಸಬಹುದು. ಆದರೆ ಅಳತೆ ನೋಡಿ ತಗೊಳ್ಳಿ. ಕೆಲವರು ಒಳಗೆ ಕೂಡುವ ಫೋಟೋದ ಅಳತೆ ಬರೆದಿರುತ್ತಾರೆ, ಕೆಲವರು ಮೌಂಟ್ ಇಲ್ಲದೆ ಕೂಡುವ ಅಳತೆ ಬರೆದಿರುತ್ತಾರೆ. 8×10 ಎಂದು ತರಿಸಿದರೆ ಮೌಂಟಿನ ಕಿಟಕಿಯಲ್ಲಿ ಕಾಣುವುದು ಬರೀ 6×8 ಆಗಿರಬಹುದು. ಇನ್ನೊಂದು, ಹಳೇ 35 ಎಂಎಂ ರೀಲಿನ ಫೋಟೋ ಮತ್ತು ಬಹುತೇಕ ಡಿಎಸ್‌ಎಲ್‌ಆರ್ ಫೋಟೋ 2:3 ಅಳತೆಯವು. ಅವು 4×6, 8×12, 12×18ಕ್ಕೆ ಸರಿಯಾಗಿ ಕೂಡುತ್ತವೆ. ಮೊಬೈಲ್ ಫೋಟೋ ಸಾಮಾನ್ಯವಾಗಿ 3:4, ಅದಕ್ಕೆ 6×8 ಅಥವಾ 12×16 ಬೇಕು. 8×10ಕ್ಕೆ ಇವೆರಡೂ ಕೂಡುವುದಿಲ್ಲ, ತುದಿ ಹೋಗುತ್ತದೆ. ಮನೆಮಂದಿಯ ಗುಂಪು ಫೋಟೋದ ತುದಿಯಲ್ಲಿ ಯಾರೋ ಒಬ್ಬ ಕಾಕಾ ನಿಂತೇ ಇರುತ್ತಾರೆ, ಅಲ್ವಾ.

ಲ್ಯಾಮಿನೇಷನ್ ಫ್ರೇಮ್ ಎಲ್ಲಾ ಕಡೆ ಸಿಗುತ್ತದೆ. ಫೋಟೋವನ್ನು ಎಂಡಿಎಫ್ ಹಲಗೆಗೆ ಅಂಟಿಸಿ ಮೇಲೆ ಪ್ಲಾಸ್ಟಿಕ್ ಪದರ ಕೂಡಿಸುತ್ತಾರೆ. ಗಾಜು ಇಲ್ಲ, ಒಡೆಯುವ ಭಯ ಇಲ್ಲ, ಅಗ್ಗ, ಅವತ್ತೇ ಕೈಗೆ ಸಿಗುತ್ತದೆ. ಪ್ರಿಂಟ್ ಪ್ರತಿಗೆ ಬೇಕಾದರೆ ಮಾಡಿಸಿ. ಮೂಲ ಫೋಟೋಗೆ ಮಾತ್ರ ಯಾವತ್ತೂ ಬೇಡ. ಒಮ್ಮೆ ಅಂಟಿಸಿದ ಮೇಲೆ ಅದನ್ನು ಬಿಡಿಸೋಕೆ ಬರುವುದಿಲ್ಲ. ಫೋಟೋದ ಬೆನ್ನ ಮೇಲೆ ಅಜ್ಜ ಶಾಯಿಯಲ್ಲಿ ಬರೆದ ತಾರೀಖು, ಊರು, ಹೆಸರು ಎಲ್ಲಾ ಆ ಹಲಗೆಯೊಳಗೇ ಹೂತು ಹೋಗುತ್ತವೆ.

ಇನ್ನು ಮೌಂಟ್. ಕೆಲವರು ಮ್ಯಾಟ್ ಎನ್ನುತ್ತಾರೆ, ಆದರೆ ಪ್ರಿಂಟ್ ಹಾಕುವವರ ಹತ್ತಿರ ಮ್ಯಾಟ್ ಎಂದರೆ ಹೊಳಪಿಲ್ಲದ ಕಾಗದ ಎಂದು ತಿಳಿದುಕೊಳ್ಳುತ್ತಾರೆ, ಆದ್ದರಿಂದ ಅಂಗಡಿಯಲ್ಲಿ ಮೌಂಟ್ ಎಂದೇ ಕೇಳಿ. ಫೋಟೋ ಸುತ್ತ ಕಿಟಕಿಯ ಹಾಗೆ ಕತ್ತರಿಸಿ ಕೂಡಿಸುವ ದಪ್ಪ ಬೋರ್ಡ್ ಇದು. ಸುಮ್ನೆ ಅಂದಕ್ಕೆ ಹಾಕುತ್ತಾರೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ, ದುಡ್ಡು ಉಳಿಸಲು ಮೊದಲು ಬಿಡುವುದೂ ಇದನ್ನೇ. ಅದರ ನಿಜವಾದ ಕೆಲಸ ಫೋಟೋ ಗಾಜಿಗೆ ತಾಗದಂತೆ ನೋಡಿಕೊಳ್ಳುವುದು. ಫೋಟೋ ಕಾಗದದ ಮೇಲೆ ಜೆಲಟಿನ್ ಪದರ ಇರುತ್ತದೆ, ಚಿತ್ರ ಇರುವುದೇ ಅದರೊಳಗೆ. ಥಂಡಿ ಹಿಡಿದರೆ ಜೆಲಟಿನ್ ಮೆತ್ತಗಾಗುತ್ತದೆ, ಗಾಜಿಗೆ ಅಂಟುತ್ತದೆ, ಒಣಗಿದ ಮೇಲೆ ಅಲ್ಲೇ ಹಿಡಿದುಕೊಳ್ಳುತ್ತದೆ. ನಿಮ್ಮ ಮನೆಯ ಹಳೇ ಫೋಟೋದಲ್ಲಿ ಒದ್ದೆಯಾದ ಹಾಗೆ ಹೊಳೆಯುವ ಮಚ್ಚೆಗಳು ಕಂಡರೆ ಅದು ಗಾಜಿಗೆ ಅಂಟಿದೆ ಎಂದೇ ಅರ್ಥ. ಅಂಥದ್ದನ್ನು ದಯವಿಟ್ಟು ಎಳೆಯಬೇಡಿ, ಮುಖವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಇಲ್ಲವೇ ಪಕ್ಕದಿಂದ ಬೆಳಕು ಕೊಟ್ಟು ಕ್ಯಾಮೆರಾದಲ್ಲಿ ತೆಗೆಸಿ, ಮೂಲವನ್ನು ಹಾಗೇ ಇಡಿ.

ಬೆಳಗಾವಿಯಲ್ಲಿ ಇದು ಇನ್ನೂ ಮುಖ್ಯ. ಇಲ್ಲಿ ಬೀಳುವ ಮಳೆ ವಿಜಯಪುರದ ಸುಮಾರು ಎರಡು ಪಟ್ಟು. ಜೂನ್ ಶುರುವಾದರೆ ಅಲಮಾರಿಯಲ್ಲಿಟ್ಟ ಚಪ್ಪಲಿಗೂ ಬೂಷ್ಟು ಬರುವ ಊರಿದು. ಜೆಲಟಿನ್ ಎಂದರೆ ಬೂಷ್ಟಿಗೆ ಊಟ. ಮೌಂಟ್ ಇಲ್ಲದ ಕಟ್ಟಿನಲ್ಲಿ ಗಾಳಿಗೆ ಜಾಗವೇ ಇರುವುದಿಲ್ಲ.

ಮೌಂಟ್ ಹಾಕಿಸಿದರೆ ಸಾಲದು, ಯಾವ ಬೋರ್ಡ್ ಎಂದು ಕೇಳಬೇಕು. ಅಂಗಡಿಯಲ್ಲಿ ಮಾಮೂಲಾಗಿ ಸಿಗುವುದು ಕಟ್ಟಿಗೆಯ ತಿರುಳಿನ ಬೋರ್ಡ್. ಅದರಲ್ಲಿ ಲಿಗ್ನಿನ್ ಎಂಬ ಕಟ್ಟಿಗೆಯ ಅಂಶ ಇರುತ್ತದೆ, ಕಾಲ ಕಳೆದಂತೆ ಆಮ್ಲ ಬಿಡುತ್ತದೆ, ತಾನೂ ಕಂದು ಬಣ್ಣಕ್ಕೆ ತಿರುಗಿ ಫೋಟೋವನ್ನೂ ಸುಡುತ್ತದೆ. ನಮ್ಮ ಅಜ್ಜನ ಫೋಟೋದ ಹಳೇ ಕಟ್ಟು ಬಿಚ್ಚಿಸಿದಾಗ ಇದನ್ನು ಕಣ್ಣಾರೆ ಕಂಡೆ. ಮೌಂಟಿನ ಮೇಲ್ಮೈ ಇನ್ನೂ ಕೆನೆ ಬಣ್ಣದಲ್ಲೇ ಇತ್ತು. ಕಿಟಕಿಯ ಕತ್ತರಿಸಿದ ಅಂಚು ಮಾತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಮೌಂಟ್ ಎತ್ತಿದರೆ ಫೋಟೋ ಮೇಲೆ ಅದೇ ಅಂಚಿನ ಉದ್ದಕ್ಕೂ ಕಂದು ಗೆರೆ, ಅಜ್ಜನ ಭುಜದ ಮೇಲೆ ಹಾದು ರುಮಾಲಿನ ತುದಿಯನ್ನು ಮುಟ್ಟಿಕೊಂಡು ಹೋಗಿತ್ತು. ಕಂಪ್ಯೂಟರಿನಲ್ಲಿ ಪ್ರತಿಯಿಂದ ಆ ಗೆರೆ ತೆಗೆಯಬಹುದು. ಮೂಲದಿಂದ ಹೋಗುವುದಿಲ್ಲ.

ಹಾಗಾಗಿ ಕೇಳಬೇಕಾದದ್ದು ಆ್ಯಸಿಡ್ ಫ್ರೀ ಬೋರ್ಡ್. ಅದರಲ್ಲೂ ಹತ್ತಿಯಿಂದ ಮಾಡಿದ ಕಾಟನ್ ರ್‍ಯಾಗ್ ಬೋರ್ಡ್ ಸಿಕ್ಕರೆ ಬೇರೆ ಯೋಚನೆಯೇ ಬೇಡ. ಕತ್ತರಿಸಿದಾಗ ಒಳಗೆ ಬೆಳ್ಳಗೆ ಕಂಡ ಮಾತ್ರಕ್ಕೆ ಆ್ಯಸಿಡ್ ಇಲ್ಲ ಎಂದು ನಂಬಬೇಡಿ, ಬಿಳಿ ಮಾಡಿದ ತಿರುಳೂ ಇರುತ್ತದೆ. ಬೋರ್ಡಿನ ವಿವರದಲ್ಲಿ ಐಎಸ್‌ಒ 18916 ಪರೀಕ್ಷೆ ಪಾಸಾಗಿದೆ ಎಂದು ಬರೆದಿದ್ದರೆ ಧೈರ್ಯವಾಗಿ ತಗೊಳ್ಳಿ. ಫೋಟೋ ಪಕ್ಕ ಇಡುವ ಕಾಗದ, ಬೋರ್ಡ್, ಅಂಟು ಫೋಟೋವನ್ನು ಹಾಳು ಮಾಡುತ್ತವೋ ಇಲ್ಲವೋ ಎಂದು ನೋಡುವ ಪರೀಕ್ಷೆ ಅದು. ನಾನು ಕೇಳಿದ ಅಂಗಡಿಗಳಲ್ಲಿ ಇಂಥ ಬೋರ್ಡ್ ಸ್ಟಾಕ್ ಇರಲಿಲ್ಲ. ತರಿಸಿಕೊಡುತ್ತೇವೆ ಎಂದರು ಒಬ್ಬರು, ಕೊನೆಗೆ ನಾನೇ ಆನ್‌ಲೈನಲ್ಲಿ ತರಿಸಿ ಕೊಟ್ಟೆ. ಮಾಮೂಲಿ ಬೋರ್ಡಿಗಿಂತ ಎಷ್ಟೋ ತುಟ್ಟಿ, ನಿಜ. ಆದರೆ ಒಂದು ದೊಡ್ಡ ಹಾಳೆಯಲ್ಲಿ ಸಣ್ಣ ಫೋಟೋಗಳ ಹಲವು ಮೌಂಟ್ ಬರುತ್ತವೆ. ದೊಡ್ಡ ಕಿಟಕಿ ಕತ್ತರಿಸಿದಾಗ ನಡುವೆ ಬೀಳುವ ತುಂಡು ಇನ್ನೊಂದು ಸಣ್ಣ ಫೋಟೋಗೆ ಆಗುತ್ತದೆ. ಆ ತುಂಡುಗಳನ್ನು ಕೇಳಿ ಮನೆಗೆ ತನ್ನಿ, ಅಂಗಡಿಯಲ್ಲಿ ಬಿಡಬೇಡಿ.

ನನಗೆ ಕತ್ತರಿಸಿಕೊಟ್ಟವರು ಒಬ್ಬ ಹಿರಿಯರು. ಕೈ ಚೊಕ್ಕ, ಮಾತು ಕಡಿಮೆ. ಮೊದಲು ಅವರಿಗೂ ನನ್ನ ಲೆಕ್ಕ ಒಪ್ಪಿಗೆಯಾಗಲಿಲ್ಲ.

"ಅಕ್ಕಾರ, ಇಷ್ಟ ಸಣ್ಣ ಫೋಟೋಕ್ಕ ಸುತ್ತ ಇಷ್ಟ ಅಗಲ ಖಾಲಿ ಯಾಕ್ರಿ? ಫೋಟೋನ ದೊಡ್ಡದ ಮಾಡಸ್ರಿ, ಫ್ರೇಮ್ ಪೂರಾ ತುಂಬತೈತಿ."

"ಫೋಟೋ ಇದ್ದಷ್ಟ ಇರಲಿ ಕಾಕಾ. ಸುತ್ತ ಮೂರ ಇಂಚ ಬಿಡ್ರಿ, ಕೆಳಗ ಇನ್ನೊಂದ ಅರ್ಧ ಇಂಚ ಜಾಸ್ತಿ."

ಅವರು ಬೋರ್ಡನ್ನು ಬೋರಲು ಹಾಕಿ ಹಿಂಬದಿಯಲ್ಲಿ ಸೀಸದಕಡ್ಡಿಯಿಂದ ಗೆರೆ ಎಳೆದರು, ಮೂಲೆಗಳನ್ನು ಗುಣ್ಯಾ, ಅಂದರೆ ಮೂಲೆಮಟ್ಟದಿಂದ ಅಳೆದರು, ಕೆಳಗೊಂದು ಬೇಡದ ಬೋರ್ಡ್ ಹಾಕಿದರು, ಬ್ಲೇಡ್ ಬದಲಿಸಿದರು. ಹೊಸ ಬ್ಲೇಡ್ ಹಾಕುತ್ತಾರೋ ಇಲ್ಲವೋ ನೋಡಿ, ಮೊಂಡ ಬ್ಲೇಡಿನಿಂದ ಅಂಚು ನಾರುನಾರಾಗಿ ಎದ್ದು ಬರುತ್ತದೆ. ಬ್ಲೇಡ್ 45 ಡಿಗ್ರಿ ಓರೆಯಾಗಿ ಹೋಗುತ್ತದೆ, ಆಮೇಲೆ ತಿರುವಿ ನೋಡಿದರೆ ಕಿಟಕಿಯ ಒಳಗೆ ಸುತ್ತಲೂ ಬಿಳಿಯ ಸಣ್ಣ ಇಳಿಜಾರು ಅಂಚು. ಕೈ ಪಳಗಿದೆಯೋ ಇಲ್ಲವೋ ಎಂದು ಗೊತ್ತಾಗುವುದು ಮೂಲೆಯಲ್ಲಿ. ಬ್ಲೇಡ್ ಸ್ವಲ್ಪ ಮುಂದೆ ಹೋದರೆ ಮೂಲೆಯಿಂದ ಆಚೆ ಕೂದಲಿನಂಥ ಗೆರೆ ಕಾಣುತ್ತದೆ, ಮೊದಲೇ ನಿಂತರೆ ನಾರು ಉಳಿದು ಮೂಲೆ ಹರಿಯುತ್ತದೆ. ಇವರದ್ದು ನಾಲ್ಕೂ ಮೂಲೆ ಚೊಕ್ಕ ಬಂತು. ತವರುಮನೆಯ ಫೋಟೋದ ಮೇಲೆ ಆ ಕಿಟಕಿ ಇಟ್ಟು ಕೈಯಳತೆ ದೂರ ಹಿಡಿದು ನೋಡಿದರು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಅಂದರು, "ಈಗ ಬಾಗಲಾಗಿನ ಹುಡುಗಿ ಕಾಣತಾಳ ನೋಡ್ರಿ. ಆಗಳೆ ನನಗ ಕಂಡೇ ಇರಲಿಲ್ಲ."

ಅಗಲ ಮೌಂಟ್ ಮಾಡುವ ಕೆಲಸ ಇದೇ. ಪೋಸ್ಟ್‌ಕಾರ್ಡಿನಷ್ಟು ಫೋಟೋ ಸುತ್ತ ಮೂರು ಇಂಚು ಬಿಟ್ಟರೆ ಕಣ್ಣು ನೇರ ಒಳಗೆ ಹೋಗುತ್ತದೆ. 8×12 ಪ್ರಿಂಟಿಗೆ ಎರಡೂವರೆಯಿಂದ ಮೂರು ಇಂಚು ಸಾಕು. ಒಂದೇ ಒಂದು ಎಚ್ಚರ, ಮೌಂಟಿನ ಅಗಲ ಮತ್ತು ಪಟ್ಟಿಯ ಅಗಲ ಒಂದೇ ಇರಬಾರದು, ಎರಡು ಗೆರೆ ಪಕ್ಕಪಕ್ಕ ನಿಂತು ಕಣ್ಣಿಗೆ ಕಿರಿಕಿರಿಯಾಗುತ್ತದೆ. ಕೆಳಗಿನ ಅಂಚು ಕಾಲು ಇಂಚಿನಿಂದ ಅರ್ಧ ಇಂಚು ಜಾಸ್ತಿ ಇರಲಿ, ಎಲ್ಲಾ ಕಡೆ ಸಮ ಬಿಟ್ಟರೆ ಗೋಡೆ ಮೇಲೆ ಫೋಟೋ ಕೆಳಗೆ ಜಾರಿದಂತೆ ಕಾಣುತ್ತದೆ.

ಕಿಟಕಿ ಅಳತೆ ಹೀಗೆ: ಹೊಸ ಪ್ರಿಂಟ್ ಆದರೆ ನಾಲ್ಕೂ ಬದಿ ಒಂದೊಂದು ಸೂತು, ಅಂದರೆ ಇಂಚಿನ ಎಂಟನೇ ಒಂದು ಪಾಲು, ಮೌಂಟ್ ಫೋಟೋ ಮೇಲೆ ಬರಬೇಕು. 8×12 ಫೋಟೋಗೆ ಕಿಟಕಿ 7¾×11¾. ಹಳೇ ಸ್ಟುಡಿಯೋ ಫೋಟೋಗಳಲ್ಲಿ ಮಾತ್ರ ನಾನು ಉಲ್ಟಾ ಮಾಡಿಸಿದೆ. ಅವುಗಳ ಸುತ್ತ ಬಿಳಿ ಅಂಚು ಇರುತ್ತದೆ, ಕೆಳಗೆ ಸ್ಟುಡಿಯೋ ಹೆಸರಿನ ಉಬ್ಬು ಮುದ್ರೆ ಇರುತ್ತದೆ. ಅವು ಮುಚ್ಚಿಹೋಗಬಾರದು. ಕಿಟಕಿಯನ್ನೇ ಫೋಟೋಗಿಂತ ಸ್ವಲ್ಪ ದೊಡ್ಡದು ಮಾಡಿಸಿದರೆ ಇಡೀ ಕಾಗದ, ಅದರ ಸವೆದ ಮೂಲೆ ಸಮೇತ ಕಾಣುತ್ತದೆ.

ಬಣ್ಣದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮದುವೆ ಫೋಟೋಗೆ ಸೀರೆಗೆ ಮ್ಯಾಚಾಗುವ ಮೆರೂನ್ ಹಾಕಿಸಿ ಎನ್ನುತ್ತಾರೆ, ಬೇಡ. ಕೆನೆ ಬಿಳಿ ಎಲ್ಲಕ್ಕೂ ಒಪ್ಪುತ್ತದೆ. ಅಚ್ಚ ಬಿಳಿಯೂ ಬೇಡ, ಅದರ ಪಕ್ಕ ಹಳೇ ಫೋಟೋದ ಕಾಗದ ಕೊಳೆಯಾದಂತೆ ಕಾಣುತ್ತದೆ. ಎರಡು-ಮೂರು ಬೋರ್ಡ್ ತುಂಡು ಹಿಡಿದುಕೊಂಡು ಅಂಗಡಿ ಬಾಗಿಲಿಗೆ ಬಂದು ಹಗಲು ಬೆಳಕಲ್ಲಿ ಫೋಟೋ ಪಕ್ಕ ಇಟ್ಟು ನೋಡಿ. ಟ್ಯೂಬ್‌ಲೈಟ್ ಕೆಳಗೆ ಆರಿಸಿದ ಬಣ್ಣ ಮನೆಯಲ್ಲಿ ಬೇರೆಯೇ ಕಾಣುತ್ತದೆ.

ಫೋಟೋವನ್ನು ಮೌಂಟಿಗೆ ಹೇಗೆ ಹಿಡಿಸುತ್ತಾರೆ ಎಂಬುದನ್ನು ನಿಂತು ನೋಡಲೇಬೇಕು. ಈ ವಿಷಯದಲ್ಲಿ ನನಗೆ ಸಿಟ್ಟಿದೆ. ಹಿಂದೆ ಒಂದು ಕಡೆ ಅಪ್ಪನ ಒಂದು ಫೋಟೋ ಕೊಟ್ಟಾಗ, ಕಟ್ಟಿನಲ್ಲಿ ಕೂಡುತ್ತಿಲ್ಲ ಎಂದು ನಮ್ಮನ್ನು ಕೇಳದೇ ಕೆಳಗಿನ ಅಂಚನ್ನೇ ಕತ್ತರಿಸಿದ್ದರು. ಸ್ಟುಡಿಯೋ ಮುದ್ರೆ, ಇಸವಿ ಎರಡೂ ಹೋದವು. ಸಾಲದ್ದಕ್ಕೆ ಇಡೀ ಬೆನ್ನಿಗೆ ಬಿಳಿ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಅಂಟಿಸಿದ್ದರು. ಕೇಳಿದರೆ "ಹಂಗ ಮಾಡಿದ್ರ ಸುಕ್ಕ ಆಗಂಗಿಲ್ರಿ" ಎಂಬ ಉತ್ತರ. ಸುಕ್ಕಾದರೆ ಆಗಲಿ, ಅದು ಕಾಗದ, ಹವಾ ಬದಲಾದಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದಕ್ಕೆ ಅಲುಗಾಡಲು ಜಾಗ ಬೇಕು. ಫೋಟೋ ಮೂಲೆಗಳನ್ನು ಕಾಗದದ ಸಣ್ಣ ಜೇಬುಗಳಲ್ಲಿ ಕೂಡಿಸಿದರೆ ಸಾಕು, ಆಲ್ಬಮ್ಮಿನಲ್ಲಿ ಹಾಕುತ್ತಿದ್ದೆವಲ್ಲ, ಅಂಥವೇ. ಅಂಟು ಹಿಂದಿನ ಬೋರ್ಡಿಗೆ ತಾಗುತ್ತದೆ, ಫೋಟೋಗೆ ಒಂದು ಹನಿಯೂ ತಾಗುವುದಿಲ್ಲ. ಸೆಲ್ಲೋಟೇಪ್ ಬೇಡವೇ ಬೇಡ, ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಈಗ ನಾನು ರಸೀದಿ ಮೇಲೇ ಬರೆಸಿಕೊಳ್ಳುತ್ತೇನೆ: ಕತ್ತರಿಸಬಾರದು, ಅಂಟಿಸಬಾರದು. ಕೊಡುವ ಮುಂಚೆ ಫೋಟೋದ ಎರಡೂ ಬದಿ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳುತ್ತೇನೆ. ನೀವೂ ಹಾಗೇ ಮಾಡಿ.

ಗಾಜು. ಸಾಮಾನ್ಯವಾಗಿ ಹಾಕುವುದು 2 ಎಂಎಂ ಸಾದಾ ಗಾಜು. ಅಗ್ಗ, ಗೀರು ಬೀಳುವುದಿಲ್ಲ, ಒರೆಸೋದು ಸುಲಭ. ಒಂದು ಚದರ ಮೀಟರಿಗೆ 5 ಕೆಜಿ ತೂಗುತ್ತದೆ, ಅಂದರೆ 17×20 ಇಂಚಿನ ಕಟ್ಟಿಗೆ ಗಾಜೊಂದೇ ಒಂದು ಕೆಜಿಗಿಂತ ಸ್ವಲ್ಪ ಜಾಸ್ತಿ, 24×36ಕ್ಕೆ ಮೂರು ಕೆಜಿ ಹತ್ತಿರ. ಅಷ್ಟು ದೊಡ್ಡದಕ್ಕೆ ಮತ್ತು ಚಿಕ್ಕ ಮಕ್ಕಳಿರುವ ಮನೆಗೆ ಅಕ್ರಿಲಿಕ್ ಒಳ್ಳೆಯದು, ತೂಕ ಅರ್ಧಕ್ಕಿಂತ ಕಡಿಮೆ, ಬಿದ್ದರೆ ಚೂರಾಗುವುದಿಲ್ಲ. ಆದರೆ ಅದು ಧೂಳನ್ನು ಎಳೆದುಕೊಳ್ಳುತ್ತದೆ, ಒಣ ಬಟ್ಟೆಯಲ್ಲಿ ತಿಕ್ಕಿದರೆ ಗೀರು ಬೀಳುತ್ತದೆ. ಇನ್ನು ಹೊಳಪಿಲ್ಲದ ಗಾಜು ಎಂದು ಒಂದು ಕೊಡುತ್ತಾರೆ, ಮೇಲ್ಮೈ ಸ್ವಲ್ಪ ಒರಟು. ಅದು ಫೋಟೋಗೆ ತಾಗಿಕೊಂಡಿದ್ದರೆ ಮಾತ್ರ ಚಿತ್ರ ಸ್ಪಷ್ಟ, ಮೌಂಟ್ ಹಾಕಿ ದೂರ ಮಾಡಿದರೆ ಮಂಜು ಕವಿದಂತೆ ಕಾಣುತ್ತದೆ. ಮೌಂಟ್ ಬೇಕೇ ಬೇಕು ಎಂದ ಮೇಲೆ ಆ ಗಾಜು ನಮಗೆ ಬೇಡ. ಮ್ಯೂಸಿಯಂ ಗಾಜು ಎಂದು ಕರೆಯುವ, ಬೆಳಕು ಪ್ರತಿಫಲಿಸದ, ಯುವಿ ಕಿರಣ ತಡೆಯುವ ಲೇಪನದ ಗಾಜು ಬಹಳ ಚಂದ, ಗಾಜು ಇದೆ ಎಂದೇ ಗೊತ್ತಾಗುವುದಿಲ್ಲ, ಆದರೆ ಬೆಲೆ ನೋಡಿದರೆ ಒಂದೇ ಒಂದು ಫೋಟೋಗೆ ಹಾಕಿಸುವಂಥದ್ದು. ಆ ದುಡ್ಡಿನಲ್ಲಿ ಉಳಿದೆಲ್ಲ ಫೋಟೋಗಳಿಗೆ ಒಳ್ಳೇ ಬೋರ್ಡ್ ಬರುತ್ತದೆ. ನಾನು ಅದನ್ನೇ ಆರಿಸಿಕೊಂಡೆ.

ಒರೆಸುವ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀರಾಗಲಿ ಸ್ಪ್ರೇ ಆಗಲಿ ಗಾಜಿನ ಮೇಲೆ ಹೊಡೆಯಬೇಡಿ, ಬಟ್ಟೆಗೆ ಹಾಕಿಕೊಂಡು ಒರೆಸಿ. ಗಾಜಿನ ಮೇಲೆ ಇಳಿದ ನೀರು ಕೆಳಗಿನ ಪಟ್ಟಿಯ ಸಂದಿಗೆ ಹೋಗಿ ಮೌಂಟ್ ಅದನ್ನು ಹೀರುತ್ತದೆ. ಹಬ್ಬಕ್ಕೆ ಹಿರಿಯರ ಫೋಟೋ ಒರೆಸಿ ಕುಂಕುಮ ಹಚ್ಚಿ ಹಾರ ಹಾಕುತ್ತೇವಲ್ಲ, ಹಸಿ ಹೂವಿನ ಹಾರದಿಂದಲೂ ನೀರು ಅಲ್ಲಿಗೇ ಇಳಿಯುತ್ತದೆ. ಹೂವನ್ನು ಕೊಡವಿ, ಆರಿಸಿ ಹಾಕಿ.

ಹಿಂಬದಿಗೆ ಅಂಗಡಿಯವರು ಕೈಗೆ ಸಿಕ್ಕಿದ್ದು ಹಾಕುತ್ತಾರೆ: ಹಾರ್ಡ್‌ಬೋರ್ಡ್, ಎಂಡಿಎಫ್, ಹಳೇ ಡಬ್ಬದ ರಟ್ಟು. ಅದು ಫೋಟೋ ಬೆನ್ನಿಗೆ ನೇರವಾಗಿ ತಾಗಬಾರದು, ನಡುವೆ ಅದೇ ಆ್ಯಸಿಡ್ ಫ್ರೀ ಬೋರ್ಡಿನ ಒಂದು ತುಂಡು ಇರಲಿ. ಸನ್‌ಬೋರ್ಡ್ ಹಾಕುತ್ತೇವೆ, ನೀರು ತಾಗಲ್ಲ ಎಂದು ಒಬ್ಬರು ಹೇಳಿದರು. ಅದು ಪಿವಿಸಿ ಎಂಬ ಪ್ಲಾಸ್ಟಿಕ್, ಹಳತಾದಂತೆ ಫೋಟೋಗೆ ಆಗದ ಆಮ್ಲದ ಆವಿ ಬಿಡುತ್ತದೆ. ಬೋರ್ಡ್ ಕೂಡಿಸಿದ ಮೇಲೆ ಪಟ್ಟಿಗೂ ಬೋರ್ಡಿಗೂ ನಡುವಿನ ಸಂದಿಯನ್ನು ಸುತ್ತಲೂ ಕಾಗದದ ಟೇಪಿನಿಂದ ಮುಚ್ಚಿಸಿ, ಧೂಳು, ಸಣ್ಣ ಹುಳ ಒಳಗೆ ಬರುವುದಿಲ್ಲ.

ಪಟ್ಟಿಗೆ ಬರೋಣ. ಈಗ ಜಾಸ್ತಿ ಸಿಗುವುದು ಸಿಂಥೆಟಿಕ್ ಪಟ್ಟಿ. ಸಾಗವಾನಿ ಚಂದ, ತುಟ್ಟಿ. ನನ್ನ ಮಟ್ಟಿಗೆ ಸಿಂಥೆಟಿಕ್ ಪಟ್ಟಿ ಬೆಳಗಾವಿಗೆ ಒಳ್ಳೆಯದೇ: ಗೆದ್ದಲು ಹತ್ತುವುದಿಲ್ಲ, ಮಳೆಗಾಲದಲ್ಲಿ ಉಬ್ಬುವುದಿಲ್ಲ. ಮುಕ್ಕಾಲು ಇಂಚಿನ ಸಾದಾ ಕಪ್ಪು ಅಥವಾ ಕಂದು ತಗೊಳ್ಳಿ, ಎಲ್ಲಾ ಫೋಟೋಗೂ ಒಂದೇ ಇರಲಿ. ಅಳತೆ ಬೇರೆಬೇರೆ ಇದ್ದರೂ ಪಟ್ಟಿ ಒಂದೇ ಇದ್ದರೆ ಗೋಡೆ ಮೇಲೆ ಒಂದು ಮನೆತನದ ಹಾಗೆ ಕಾಣುತ್ತವೆ. ಪಟ್ಟಿಯ ಒಳಗಿನ ಹಳ್ಳ ಸಾಕಷ್ಟು ಆಳ ಇದೆಯೇ ನೋಡಿ, ಅದರಲ್ಲಿ ಗಾಜು, ಮೌಂಟ್, ಫೋಟೋ ಕೂತ ಬೋರ್ಡ್, ಹಿಂದಿನ ಹಲಗೆ ಎಲ್ಲಾ ಕೂಡಬೇಕು. ತೆಳ್ಳಗಿನ ಪಟ್ಟಿಯಲ್ಲಿ ಜಾಗ ಸಾಲದೆ ಮೌಂಟ್ ಬೇಡ ಅನ್ನುತ್ತಾರೆ. ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿ, ಸಂದಿಯಿಂದ ಬೆಳಕು ಬಂದರೆ ವಾಪಸ್ ಕೊಡಿ, ಬಣ್ಣ ತುಂಬಿ ಮುಚ್ಚಿದ್ದರೂ ಉಗುರಿಗೆ ಗೊತ್ತಾಗುತ್ತದೆ.

ದರ ರನ್ನಿಂಗ್ ಫೂಟ್ ಲೆಕ್ಕ, ಅಂದರೆ ಪಟ್ಟಿಯ ಉದ್ದ ಎಷ್ಟು ಫೂಟೋ ಅಷ್ಟಕ್ಕೆ. ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. 12×15 ಫೋಟೋಗೆ ಸುತ್ತ ಎರಡೂವರೆ ಇಂಚು ಮೌಂಟ್ ಎಂದರೆ 17×20. ಸುತ್ತಳತೆ 74 ಇಂಚು. ಮೂಲೆ ಓರೆ ಕತ್ತರಿಸುವಾಗ ಹೋಗುವುದು ಪಟ್ಟಿಯ ಅಗಲದ ಎಂಟು ಪಟ್ಟು, ಒಂದು ಇಂಚಿನ ಪಟ್ಟಿಗೆ 8 ಇಂಚು. ಒಟ್ಟು 82 ಇಂಚು, ಹತ್ತಿರ ಹತ್ತಿರ 7 ಫೂಟ್. ಅವರು ಒಂಬತ್ತು, ಹತ್ತು ಫೂಟ್ ಎಂದು ಬರೆದರೆ ಯಾಕೆ ಎಂದು ಕೇಳುವ ಹಕ್ಕು ನಿಮಗಿದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಂದೇ ಒಂದು ಪ್ರಿಂಟ್ ಇರುವ ಫೋಟೋವನ್ನು ಗೋಡೆಗೆ ಹಾಕಬೇಡಿ. ಪ್ರತಿ ಮಾಡಿಸಿ, ಪ್ರತಿಯನ್ನು ಹಾಕಿ. ಎಷ್ಟೇ ಒಳ್ಳೇ ಬೋರ್ಡ್ ಇರಲಿ, ಬೆಳಕು ಮಾಡುವ ಹಾನಿ ತಿಂಗಳು ತಿಂಗಳು ಕೂಡುತ್ತಾ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ 1855ರಲ್ಲಿ ನಮ್ಮ ವಿಜಯಪುರ, ಬಾದಾಮಿ, ಐಹೊಳೆಗಳ ಫೋಟೋ ತೆಗೆದಿದ್ದರು, ಅದೂ ಕಾಗದದ ನೆಗೆಟಿವ್ ಬಳಸಿ. ಆ ಕಾಲದ ಪ್ರಿಂಟ್‌ಗಳು ಇವತ್ತಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇವೆ. ಗೋಡೆಗೆ ತೂಗು ಹಾಕದೆ ಕತ್ತಲಲ್ಲಿ ಜೋಪಾನ ಮಾಡಿದರೆ ಕಾಗದ ಎಷ್ಟು ಕಾಲ ಬಾಳುತ್ತದೆ ನೋಡಿ. 4×6 ಫೋಟೋವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯ ಲೆಕ್ಕದಲ್ಲಿ, ಸ್ಕ್ಯಾನ್ ಮಾಡಿಸಿದರೆ 8×12 ಪ್ರಿಂಟ್ 300 ಡಿಪಿಐನಲ್ಲಿ ಚೊಕ್ಕವಾಗಿ ಬರುತ್ತದೆ. ಸ್ಕ್ಯಾನ್ ಮಾಡುವವರಿಗೆ "ಬಣ್ಣ, ಕಾಂಟ್ರಾಸ್ಟ್ ಏನೂ ಮುಟ್ಟಬೇಡಿ" ಎಂದು ಹೇಳಿ ಒಂದು ಫೈಲ್ ಹಾಗೇ ಇಸಿದುಕೊಳ್ಳಿ, ತಿದ್ದಿದ್ದು ಬೇರೆ ಇರಲಿ. ಕೆಂಪು ತಿರುಗಿದ ಎಂಬತ್ತರ ದಶಕದ ಕಲರ್ ಫೋಟೋಗಳಿಗೆ ಇದು ತಡ ಮಾಡದೆ ಆಗಬೇಕಾದ ಕೆಲಸ, ಅವುಗಳ ಬಣ್ಣ ಆಲ್ಬಮ್ಮಿನೊಳಗೂ ಹಾರುತ್ತಿರುತ್ತದೆ. ಮೂಲವನ್ನು ಪಾಲಿಯೆಸ್ಟರ್ ಕವರ್ ಅಥವಾ ಆ್ಯಸಿಡ್ ಫ್ರೀ ಕಾಗದದಲ್ಲಿ ಇಟ್ಟು, ಹೊರಗಿನ ಗೋಡೆಗೆ ತಾಗದ ಅಲಮಾರಿಯಲ್ಲಿಡಿ. ಪಿವಿಸಿ ಕವರ್ ಬೇಡ, ಮೂಗಿಗೆ ಹಿಡಿದರೆ ಪ್ಲಾಸ್ಟಿಕ್ ವಾಸನೆ ಬರುತ್ತದಲ್ಲ, ಅಂಥದ್ದು.

ನಮ್ಮ ಮನೆ ಗೋಡೆಯ ಮೇಲೆ ಈಗ ಇರುವ ತವರುಮನೆಯ ಫೋಟೋವೂ ಪ್ರತಿಯೇ. ಮೂಲ ಅವ್ವನ ಟ್ರಂಕಿನಲ್ಲಿದೆ. ಮೊದಲು ಅವ್ವನಿಗೆ ಸಮಾಧಾನ ಇರಲಿಲ್ಲ, "ಖರೇದ ಇಟಗೊಂಡು ಸುಳ್ಳದ ಯಾಕ ಹಾಕೂದು" ಎಂದಳು. ಪ್ರತಿ ಸ್ಪಷ್ಟವಾಗಿ ಬಂದ ಮೇಲೆ ಬಾಗಿಲ ಚಿಲಕ, ಕಟ್ಟೆಯ ಮೇಲಿನ ತಂಬಿಗೆ ಎಲ್ಲಾ ಎಣಿಸಿ ತೋರಿಸತೊಡಗಿದಳು. ಹುಡುಗಿ ಯಾರು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.

ತೂಗು ಹಾಕುವಾಗ ಬೆಳಗಾವಿಯವರು ಪಡುವಣ ಗೋಡೆ ಬಿಡಿ, ಮಳೆ ಹೊಡೆಯುವುದು ಆ ಕಡೆಯಿಂದ, ಗೋಡೆ ಥಂಡಿ ಹಿಡಿಯುತ್ತದೆ. ಒಳಗಿನ, ಎರಡು ಕೋಣೆಗಳ ನಡುವಿನ ಗೋಡೆ ಒಳ್ಳೆಯದು. ಕಟ್ಟಿನ ಹಿಂದೆ ಕೆಳಗಿನ ಎರಡೂ ಮೂಲೆಗೆ ಬೆಂಡಿನ ಸಣ್ಣ ಬಿಲ್ಲೆ ಅಂಟಿಸಿದರೆ ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡುತ್ತದೆ. ಹಳೇ ಮನೆಗಳಲ್ಲಿ ಹಿರಿಯರ ಫೋಟೋಗಳನ್ನು ಬಾಗಿಲ ಮೇಲೆ ಮುಂದಕ್ಕೆ ಬಾಗಿಸಿ ಹಾಕುತ್ತಿದ್ದರು, ನೆನಪಿದೆಯಾ? ಎತ್ತರದ ಫೋಟೋ ಕೆಳಗಿನವರಿಗೆ ಕಾಣುತ್ತದೆ, ಗಾಜಿನಲ್ಲಿ ಕಿಟಕಿಯ ಬೆಳಕು ಮಿಂಚುವುದಿಲ್ಲ, ಹಿಂದೆ ಗಾಳಿಯೂ ಹಾಯುತ್ತದೆ. ಬಹಳ ಬುದ್ಧಿವಂತ ಪದ್ಧತಿ ಅದು. ಹಾಗಲ್ಲದೆ ನೋಡಲೆಂದೇ ಹಾಕುವುದಾದರೆ ಫೋಟೋದ ನಡುಮಧ್ಯ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರಲಿ.

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಥಂಡಿಗಿಂತ ಧೂಳು, ಬಿಸಿಲಿನ ತೊಂದರೆ ಜಾಸ್ತಿ. ಅಲ್ಲಿ ಹಿಂಬದಿಯ ಟೇಪ್ ಮುಖ್ಯ, ಮತ್ತು ಕಟ್ಟಿಗೆಯ ಪಟ್ಟಿ ಬೇಸಿಗೆಯಲ್ಲಿ ಒಣಗಿ ಮೂಲೆ ಬಿಡುತ್ತದೆ, ಚೆನ್ನಾಗಿ ಆರಿದ ಕಟ್ಟಿಗೆಯೋ ಎಂದು ಕೇಳಿ.

ಕೊಡುವ ಕಾಲ ಕೂಡ ನೋಡಿಕೊಳ್ಳಿ. ಶ್ರಾವಣದಿಂದ ದೀಪಾವಳಿವರೆಗೆ ದೇವರ ಫೋಟೋ ಕೆಲಸ ತುಂಬಿರುತ್ತದೆ, ನಿಂತು ಮಾತಾಡೋಕೂ ಅವರಿಗೆ ಪುರುಸೊತ್ತು ಇರುವುದಿಲ್ಲ. ಮಳೆಗಾಲದಲ್ಲಿ ಬೋರ್ಡೂ ಥಂಡಿ ಕುಡಿದಿರುತ್ತದೆ, ಅದನ್ನೇ ಗಾಜಿನ ಹಿಂದೆ ಹಾಕಿ ಮುಚ್ಚಿದರೆ ನೀರಿನಂಶ ಒಳಗೇ ಉಳಿಯುತ್ತದೆ. ಫೆಬ್ರುವರಿಯಿಂದ ಮೇ ಒಳಗೆ, ಮಧ್ಯಾಹ್ನದ ಹೊತ್ತು, ಅಂಗಡಿ ಖಾಲಿ ಇರುವಾಗ ಹೋಗಿ.